ಕ್ಯೂಆರ್ ಕೋಡ್: ಚೌಕದೊಳಗೆ ಇರುವುದೇನು, ಇಲ್ಲದಿರುವುದೇನು?

ತರಕಾರಿ ಗಾಡಿಯಿಂದ ಹಿಡಿದು ಸಗಟು ಮಳಿಗೆಯವರೆಗೆ ಕ್ಯೂಆರ್ ಕೋಡಿನ ಕಪ್ಪು-ಬಿಳುಪು ಚೌಕವಿಲ್ಲದ ವ್ಯಾಪಾರಸ್ಥಳ ಇಂದು ವಿರಳ. ಹಣ ಸ್ವೀಕರಿಸುವ ಫಲಕದಲ್ಲಿಯೂ ಸರಕುಪಟ್ಟಿಯಲ್ಲಿಯೂ ಸರಕಿನ ಪೊಟ್ಟಣದ ಮೇಲೆಯೂ ಅದೇ ಚೌಕ ಕಾಣಿಸುತ್ತದೆ. ಆದರೆ ನೋಟಕ್ಕೆ ಒಂದೇ ಬಗೆಯಾಗಿರುವ ಈ ಚೌಕಗಳು ಒಂದೇ ಬಗೆಯ ಭರವಸೆಯನ್ನು ನೀಡುವುದಿಲ್ಲ. ಅವುಗಳಲ್ಲಿ ಏನು ಅಡಗಿದೆ, ಏನು ಅಡಗಿಲ್ಲ ಎಂಬುದನ್ನು ಅರಿತಿರುವುದು ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಹಣಕಾಸಿನ ದೃಷ್ಟಿಯಿಂದಲೇ ಅಗತ್ಯವಾಗಿದೆ.

ಕಾರ್ಖಾನೆಯಲ್ಲಿ ಜನನ

ಕ್ಯೂಆರ್ ಕೋಡ್ ಹುಟ್ಟಿದ್ದು ಹಣ ಪಾವತಿಗಾಗಿ ಅಲ್ಲ. ವಾಹನಗಳ ಬಿಡಿಭಾಗಗಳ ಲೆಕ್ಕವಿಡುವುದಕ್ಕಾಗಿ. ಅದಕ್ಕೂ ಮೊದಲು ಬಳಕೆಯಲ್ಲಿದ್ದುದು ಗೆರೆಗಳ ಬಾರ್‌ಕೋಡ್. 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವೊಂದರ ಮಾರಾಟದೊಂದಿಗೆ ಆರಂಭವಾದ ಈ ಪದ್ಧತಿ ಚಿಲ್ಲರೆ ವ್ಯಾಪಾರಕ್ಕೆ ಬಹಳ ಅನುಕೂಲಕರವಾಗಿತ್ತು. ಆದರೆ ಬಾರ್‌ಕೋಡಿನಲ್ಲಿ ಅಡಕವಾಗುವುದು ಸುಮಾರು 20 ಅಕ್ಷರಗಳಷ್ಟೇ. ಜಪಾನಿನ ಕಾರ್ಖಾನೆಗಳಲ್ಲಿ ಬಿಡಿಭಾಗಗಳ ವೈವಿಧ್ಯ ಹೆಚ್ಚಿದಂತೆ ಒಂದೇ ಪೆಟ್ಟಿಗೆಗೆ ಹಲವು ಬಾರ್‌ಕೋಡುಗಳನ್ನು ಅಂಟಿಸಿ, ಒಂದೊಂದನ್ನೂ ಪ್ರತ್ಯೇಕವಾಗಿ ಓದಿಸಬೇಕಾಯಿತು.

ಟೊಯೋಟಾ ಸಮೂಹದ ಡೆನ್ಸೊ ಸಂಸ್ಥೆಯ ಎಂಜಿನಿಯರ್ ಮಸಾಹಿರೊ ಹಾರಾ ಅವರು ಇದಕ್ಕೆ ಪರಿಹಾರವಾಗಿ 1994ರಲ್ಲಿ ಕ್ಯೂಆರ್ ಕೋಡನ್ನು ರೂಪಿಸಿದರು. ಕಪ್ಪು-ಬಿಳಿ ಕಾಯಿಗಳನ್ನು ಚೌಕಟ್ಟಿನ ಮೇಲಿಟ್ಟು ಆಡುವ ‘ಗೋ’ ಆಟವೇ ತಮಗೆ ಪ್ರೇರಣೆ ಎಂದು ಅವರು ಹೇಳಿದ್ದಾರೆ. ಬಾರ್‌ಕೋಡಿನಲ್ಲಿ ಮಾಹಿತಿ ಅಡ್ಡಲಾಗಿ ಮಾತ್ರ ಇರುತ್ತದೆ. ಕ್ಯೂಆರ್ ಕೋಡಿನಲ್ಲಿ ಅಡ್ಡಲಾಗಿಯೂ ಉದ್ದಕ್ಕೂ ಇರುತ್ತದೆ. ಹೀಗಾಗಿ ಅದರಲ್ಲಿ ಗರಿಷ್ಠ 7,089 ಅಂಕಿಗಳನ್ನು ಅಡಕಗೊಳಿಸಬಹುದು.

ಡೆನ್ಸೊ ಸಂಸ್ಥೆಯು ಪೇಟೆಂಟ್ ಪಡೆದರೂ ನಿಗದಿತ ಮಾನದಂಡವನ್ನು ಅನುಸರಿಸುವವರ ಮೇಲೆ ಆ ಹಕ್ಕನ್ನು ಚಲಾಯಿಸಲಿಲ್ಲ. 2000ದಲ್ಲಿ ಕ್ಯೂಆರ್ ಕೋಡಿಗೆ ಅಂತರರಾಷ್ಟ್ರೀಯ ಮಾನದಂಡದ ಮನ್ನಣೆ ದೊರೆಯಿತು. ಪರವಾನಗಿ ಶುಲ್ಕವಿಲ್ಲದೆ ಯಾರು ಬೇಕಾದರೂ ಅದನ್ನು ಮುದ್ರಿಸಬಹುದಾದ್ದರಿಂದಲೇ ಅದು ಇಷ್ಟು ವ್ಯಾಪಕವಾಗಿ ಹರಡಿತು.

ರಚನೆಯ ಮರ್ಮ

ಕೋಡಿನ ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳು ಓದುವ ಯಂತ್ರಕ್ಕೆ ದಿಕ್ಕು ತೋರಿಸುತ್ತವೆ. ಆದ್ದರಿಂದ ಕೋಡನ್ನು ತಲೆಕೆಳಗಾಗಿ ಹಿಡಿದರೂ ಓದಬಹುದು. ಸುತ್ತಲೂ ನಾಲ್ಕು ಕೋಶಗಳಷ್ಟು ಖಾಲಿ ಅಂಚನ್ನು ಬಿಡಬೇಕೆಂಬುದು ನಿಯಮ. ಪೊಟ್ಟಣದ ವಿನ್ಯಾಸದಲ್ಲಿ ಈ ಅಂಚನ್ನು ಕತ್ತರಿಸಿದರೆ ಕೋಡ್ ಓದಲು ಬಾರದೆ ಹೋಗಬಹುದು ಎಂಬುದನ್ನು ಉತ್ಪಾದಕರು ಗಮನದಲ್ಲಿಡಬೇಕು.

ಕಾರ್ಖಾನೆಯ ಎಣ್ಣೆ, ಧೂಳುಗಳ ನಡುವೆಯೂ ಕೋಡ್ ಕೆಲಸ ಮಾಡಬೇಕಿತ್ತು. ಅದಕ್ಕಾಗಿ ಮಾಹಿತಿಯ ಜೊತೆಗೆ ದೋಷ ಸರಿಪಡಿಸುವ ಹೆಚ್ಚುವರಿ ಮಾಹಿತಿಯನ್ನೂ ಸೇರಿಸಲಾಗುತ್ತದೆ. ಆಯ್ದುಕೊಂಡ ಮಟ್ಟಕ್ಕೆ ಅನುಗುಣವಾಗಿ ಮಾಹಿತಿಯ ಸುಮಾರು ಶೇಕಡಾ 7ರಿಂದ 30ರಷ್ಟು ಭಾಗ ಹಾಳಾದರೂ ಕೋಡನ್ನು ಓದಬಹುದು.

ಆದರೆ ಈ ಏರ್ಪಾಡು ಕೊಳೆಯನ್ನು ನಿವಾರಿಸುತ್ತದೆಯೇ ಹೊರತು ಮೋಸವನ್ನಲ್ಲ. ಕೋಡಿನ ಮೇಲೆ ಬೇರೊಬ್ಬರು ತಮ್ಮ ಕೋಡನ್ನು ಅಂಟಿಸಿದರೆ ಯಂತ್ರವು ಅದನ್ನೂ ಅಷ್ಟೇ ನಿಷ್ಠೆಯಿಂದ ಓದುತ್ತದೆ.

ಪಾವತಿ ಫಲಕದಲ್ಲಿ ಇರುವುದೇನು?

ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರ ಏಪ್ರಿಲ್‌ನಲ್ಲಿ ಯುಪಿಐ ವ್ಯವಸ್ಥೆಯನ್ನು ಆರಂಭಿಸಿತು. ಯಾವುದೇ ಸಂಸ್ಥೆಯ ಆ್ಯಪ್‌ನಿಂದಲೂ ಓದಬಹುದಾದ ಕೋಡುಗಳಿಗೇ ಬದಲಾಗುವಂತೆ ರಿಸರ್ವ್ ಬ್ಯಾಂಕು 2020ರ ಅಕ್ಟೋಬರ್‌ನಲ್ಲಿ ಸೂಚಿಸಿತು. ಅದೇ ವರ್ಷದ ಜನವರಿ 1ರಿಂದ ಯುಪಿಐ ಪಾವತಿಗಳ ಮೇಲಿನ ವರ್ತಕ ಶುಲ್ಕವನ್ನು ಕೇಂದ್ರ ಸರ್ಕಾರ ರದ್ದುಪಡಿಸಿದ್ದರಿಂದ ಸಣ್ಣ ಅಂಗಡಿಗಳಿಗೂ ಇದು ಎಟುಕಿತು.

ಅಂಗಡಿಯ ಮುಂದೆ ತೂಗುಹಾಕಿದ ಮುದ್ರಿತ ಕೋಡ್ ‘ಸ್ಥಿರ’ ಬಗೆಯದು. ಅದರಲ್ಲಿರುವುದು ಮುಖ್ಯವಾಗಿ ವರ್ತಕನ ಯುಪಿಐ ವಿಳಾಸ ಮತ್ತು ಹೆಸರು. ಮೊತ್ತವನ್ನು ಗ್ರಾಹಕನೇ ನಮೂದಿಸುತ್ತಾನೆ. ಪ್ರತಿ ಬಿಲ್ಲಿಗೂ ಹೊಸದಾಗಿ ಮೂಡುವ ಕೋಡ್ ‘ಚಲ’ ಬಗೆಯದು. ಅದರಲ್ಲಿ ಮೊತ್ತವೂ ಬಿಲ್ಲಿನ ಉಲ್ಲೇಖವೂ ಸೇರಿರುವುದರಿಂದ ದಿನದ ಕೊನೆಗೆ ಲೆಕ್ಕ ತಾಳೆ ನೋಡುವುದು ಸುಲಭ.

ಇವೆರಡೂ ಹಣ ತಲುಪಬೇಕಾದ ವಿಳಾಸವನ್ನು ಹೇಳುತ್ತವೆ. ಹಣ ತಲುಪಿದೆ ಎಂಬುದನ್ನು ಹೇಳುವುದಿಲ್ಲ. ಗ್ರಾಹಕನ ಮೊಬೈಲ್ ಪರದೆಯ ಮೇಲೆ ಕಾಣುವ ಚಿತ್ರವೂ ಅದಕ್ಕೆ ಸಾಕ್ಷಿಯಾಗಲಾರದು. ವರ್ತಕನ ಬ್ಯಾಂಕ್ ಖಾತೆ, ಅವನದೇ ಆ್ಯಪ್ ಅಥವಾ ಧ್ವನಿಪೆಟ್ಟಿಗೆಯ ಘೋಷಣೆಯನ್ನೇ ಆಧಾರವಾಗಿ ಪರಿಗಣಿಸಬೇಕು. ಇದಲ್ಲದೆ, ಹಣ ಪಡೆಯುವುದಕ್ಕೆ ರಹಸ್ಯ ಸಂಖ್ಯೆಯ ಅಗತ್ಯವೇ ಇಲ್ಲ. ಹಣ ಕೊಡುವುದಾಗಿ ಹೇಳಿ ರಹಸ್ಯ ಸಂಖ್ಯೆ ನಮೂದಿಸಲು ಕೇಳುವವರು ವಾಸ್ತವವಾಗಿ ಹಣ ಸೆಳೆಯುತ್ತಿದ್ದಾರೆ ಎಂದೇ ತಿಳಿಯಬೇಕು.

ಸಹಿ ಇರುವ ಚೌಕ

ಜಿಎಸ್‌ಟಿ ವ್ಯವಸ್ಥೆಯ ಇ-ಇನ್‌ವಾಯ್ಸ್ ಮೇಲಿನ ಕೋಡ್ ಇದಕ್ಕಿಂತ ಭಿನ್ನ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿಗೆ ಮೀರಿದ ವಹಿವಾಟಿನ ಸಂಸ್ಥೆಗಳಿಗೆ ಕಡ್ಡಾಯವಾದ ಈ ಪದ್ಧತಿಯನ್ನು 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೆ ಮೀರಿದವರಿಗೂ ವಿಸ್ತರಿಸಲಾಯಿತು. ಇದರ ಕೋಡಿನಲ್ಲಿ ಮಾರುವವರ ಮತ್ತು ಕೊಳ್ಳುವವರ ಜಿಎಸ್‌ಟಿ ಸಂಖ್ಯೆ, ಸರಕುಪಟ್ಟಿಯ ಸಂಖ್ಯೆ, ದಿನಾಂಕ, ಮೌಲ್ಯ ಹಾಗೂ ನೋಂದಣಿ ಸಂಖ್ಯೆಗಳಿರುತ್ತವೆ. ಮಿಗಿಲಾಗಿ, ನೋಂದಣಿ ಪೋರ್ಟಲಿನ ಡಿಜಿಟಲ್ ಸಹಿ ಇರುತ್ತದೆ. ವಿವರಗಳಲ್ಲಿ ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ. ಹೂಡುವಳಿ ತೆರಿಗೆ ಜಮೆ ಪಡೆಯುವ ಖರೀದಿದಾರರು ಅಧಿಕೃತ ಪರಿಶೀಲನಾ ಆ್ಯಪ್‌ನಲ್ಲಿ ಈ ಕೋಡನ್ನು ಓದಿಸಿ ನೋಡುವುದು ಕೆಲವೇ ಕ್ಷಣಗಳ ಕೆಲಸ. ನಕಲಿ ಪಟ್ಟಿಯಿಂದ ಆಗಬಹುದಾದ ನಷ್ಟ ಅದಕ್ಕಿಂತ ಬಹಳ ದೊಡ್ಡದು.

ಉಳಿಯುವ ದಾಖಲೆ

ನಗದು ವ್ಯಾಪಾರಕ್ಕೂ ಯುಪಿಐ ವ್ಯಾಪಾರಕ್ಕೂ ಇರುವ ಮತ್ತೊಂದು ವ್ಯತ್ಯಾಸವೆಂದರೆ ದಾಖಲೆ. 2025ರ ಜುಲೈ ತಿಂಗಳಲ್ಲಿ ಕರ್ನಾಟಕದ ಅನೇಕ ಸಣ್ಣ ವರ್ತಕರಿಗೆ ಇದರ ಅನುಭವವಾಯಿತು. ಹಿಂದಿನ ವರ್ಷಗಳ ಯುಪಿಐ ಸ್ವೀಕೃತಿಗಳನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ನೋಟಿಸುಗಳನ್ನು ಕಳುಹಿಸಿತು. ಬೆಂಗಳೂರಿನ ಕೆಲವು ಅಂಗಡಿಗಳಲ್ಲಿ ಕೋಡ್ ಫಲಕಗಳನ್ನು ತೆಗೆದು ‘ನಗದು ಮಾತ್ರ’ ಎಂಬ ಸೂಚನೆಗಳನ್ನು ಹಾಕಲಾಯಿತು.

ವಾಸ್ತವದಲ್ಲಿ ಫಲಕ ತೆಗೆಯುವುದರಿಂದ ತೆರಿಗೆಯ ಹೊಣೆ ಬದಲಾಗುವುದಿಲ್ಲ. ಕರ್ನಾಟಕದಲ್ಲಿ ಸರಕು ಮಾರಾಟಕ್ಕೆ ವಾರ್ಷಿಕ 40 ಲಕ್ಷ ರೂಪಾಯಿ, ಸೇವೆಗೆ 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು. ಹಣ ನಗದಾಗಿ ಬಂದರೂ ಯುಪಿಐ ಮೂಲಕ ಬಂದರೂ ಮಿತಿ ಒಂದೇ. ಹಾಲು, ತಾಜಾ ತರಕಾರಿಯಂತಹ ತೆರಿಗೆ ವಿನಾಯಿತಿಯ ಸರಕುಗಳನ್ನು ಮಾತ್ರ ಮಾರುವವರಿಗೆ ನೋಂದಣಿ ಅಗತ್ಯವಿಲ್ಲ. ಆದರೆ ಬ್ಯಾಂಕ್ ಖಾತೆಯ ಒಟ್ಟು ಜಮೆಯು ಯಾವುದು ತರಕಾರಿಯ ಹಣ, ಯಾವುದು ಬಂಧುಗಳಿಂದ ಪಡೆದ ಕೈಸಾಲ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ವರ್ತಕನ ಪುಸ್ತಕ.

ಆದ್ದರಿಂದ ವ್ಯಾಪಾರಕ್ಕೆ ಪ್ರತ್ಯೇಕ ಖಾತೆ ಮತ್ತು ಪ್ರತ್ಯೇಕ ಕೋಡ್ ಇಟ್ಟುಕೊಳ್ಳುವುದು, ಮನೆಯ ವ್ಯವಹಾರವನ್ನು ಅದರಲ್ಲಿ ಬೆರೆಸದಿರುವುದು, ಖರೀದಿಯ ರಸೀದಿಗಳನ್ನು ಕಾಪಾಡುವುದು, ಪ್ರತಿದಿನ ಮಳಿಗೆ ತೆರೆದಾಗ ಫಲಕದ ಕೋಡನ್ನು ಒಮ್ಮೆ ಓದಿಸಿ ತಮ್ಮದೇ ಹೆಸರು ಬರುವುದೇ ಎಂದು ನೋಡುವುದು ಕ್ಷೇಮಕರ. ಬಿಡಿಭಾಗಗಳ ಲೆಕ್ಕಕ್ಕಾಗಿ ಹುಟ್ಟಿದ ಚೌಕವು ಇಂದು ಹಣದ ಲೆಕ್ಕಕ್ಕೂ ನೆರವಾಗುತ್ತಿದೆ. ಆದರೆ ವರ್ತಕನಿಗೆ ಬದಲಾಗಿ ಅದು ಲೆಕ್ಕ ಬರೆಯಲಾರದು.