ಕತ್ತಿ ಹೋಗಬೇಕಾದ್ದು ಮೆಳೆಯ ನಡುವಿಗೆ

ಮಳೆಗಾಲ ಮುಗಿದು ನೆಲ ಆರಿತೆಂದರೆ ಮಲೆನಾಡಿನ ತೋಟಗಳಲ್ಲಿ ಬಿದಿರಿಗೆ ಕತ್ತಿ ಬೀಳುತ್ತದೆ. ಅಟ್ಟಕ್ಕೆ, ಬೇಲಿಗೆ, ಏಣಿಗೆ, ಬಾಳೆಗೊನೆಯ ಊರೆಗೋಲಿಗೆ, ಎಲ್ಲಕ್ಕೂ ಗಳ ಬೇಕು. ಮೆಳೆಯ ಹತ್ತಿರ ಹೋದವರು ಕೈಗೆ ಸಿಕ್ಕಿದ್ದನ್ನು, ಅಂದರೆ ಹೊರಸುತ್ತಿನ ಗಳಗಳನ್ನು, ಕಡಿದು ತರುತ್ತಾರೆ. ಹೆಬ್ಬಿದಿರಿನ ಮುಳ್ಳು ಒಮ್ಮೆ ಚುಚ್ಚಿಸಿಕೊಂಡವರು ಅವರನ್ನು ದೂರುವುದಿಲ್ಲ. ಆದರೆ ಮೆಳೆ ಕೆಡುವುದು ಹೀಗೆಯೇ.

ಬಿದಿರು ಹುಲ್ಲಿನ ಕುಟುಂಬದ ಗಿಡ. ಅದರ ಗೆಡ್ಡೆ ವರ್ಷವರ್ಷವೂ ಹೊರಮುಖವಾಗಿ ಸರಿಯುತ್ತಾ ಕಳಲೆ ಎಬ್ಬಿಸುತ್ತದೆ. ಹಾಗಾಗಿ ಎಳೆಯವು ಅಂಚಿನಲ್ಲಿ, ಬಲಿತವು ನಡುವೆ. ಮುಂದಿನ ಮಳೆಗಾಲದ ಕಳಲೆ ಮೊಳೆಯುವುದು ಬಹುಪಾಲು ಈ ಒಂದೆರಡು ವರ್ಷದ ಗಳಗಳ ಬುಡದ ಮೊಗ್ಗಿನಿಂದ. ಅವನ್ನೇ ಕಡಿದರೆ ಹೊಸತು ಬರುವುದೆಲ್ಲಿಂದ? ಉಳಿದ ಮುದಿ ಗಳಗಳು ಒಣಗಿ, ಒಂದಕ್ಕೊಂದು ಹೆಣೆದುಕೊಂಡು ಕೊನೆಗೆ ಯಾರೂ ಕೈ ಹಾಕಲಾಗದ ಗೋಜಲಾಗುತ್ತವೆ.

ಗಳದ ವಯಸ್ಸು ತಿಳಿಯುವುದು ಕಷ್ಟವೇನಲ್ಲ. ವರ್ಷ ತುಂಬದ ಗಳದ ಗೆಣ್ಣುಗಳಿಗೆ ಕಂದು ಹಾಳೆ ಅಂಟಿಕೊಂಡಿರುತ್ತದೆ. ಮೈಮೇಲೆ ತೆಳ್ಳನೆಯ ಬಿಳಿ ಪುಡಿ, ಬೆರಳಾಡಿಸಿದರೆ ಒರೆಸಿ ಬರುತ್ತದೆ. ಎರಡನೇ ವರ್ಷಕ್ಕೆ ಹಾಳೆ ಉದುರಿ ಹಸಿರು ಗಾಢವಾಗುತ್ತದೆ. ಮೂರು ದಾಟಿದ ಮೇಲೆ ಬಣ್ಣ ಮಾಸಿ ಕಲ್ಲುಹೂವಿನ ಮಚ್ಚೆಗಳು ಮೂಡುತ್ತವೆ. ಕತ್ತಿಯ ಹಿಂಬದಿಯಿಂದ ತಟ್ಟಿದರೆ ಗಟ್ಟಿ ದನಿ. ಕಡಿಯಬೇಕಾದ್ದು ಇದನ್ನು. ಬುಟ್ಟಿ, ಮೊರ ಹೆಣೆಯುವ ಮೇದಾರರಿಗೆ ಮಾತ್ರ ಸುಲಭವಾಗಿ ಸೀಳುವ ಎಳೆಯ ಬಿದಿರು ಬೇಕು, ಅವರ ಲೆಕ್ಕ ಬೇರೆ.

ನಡುವಿಗೆ ಹೋಗಲು ದಾರಿ ಬೇಕಲ್ಲ. ಅರಣ್ಯದವರು ಅನುಸರಿಸುವ ಕುದುರೆ ಲಾಳದ ಕ್ರಮ ಮನೆತೋಟಕ್ಕೂ ಸಲ್ಲುತ್ತದೆ. ಮೆಳೆಯ ಒಂದೇ ಬದಿಯನ್ನು ಬಿಡಿಸಿಕೊಂಡು ಒಳನುಗ್ಗಿ, ಬಲಿತದ್ದನ್ನು, ಒಣಗಿದ್ದನ್ನು ತೆಗೆದು, ಉಳಿದ ಮೂರು ಬದಿಯ ಎಳೆಯವನ್ನು ಮುಟ್ಟದೆ ಬರುವುದು. ನೆಟ್ಟು ನಾಲ್ಕೈದು ವರ್ಷಕ್ಕೇ ಇದನ್ನು ಶುರು ಮಾಡಿದರೆ ಮುಂದೆ ಹೆಣಗಾಟವಿಲ್ಲ. ನೆಲದಿಂದ ಒಂದು ಅಡಿಯೊಳಗೆ, ಗೆಣ್ಣಿಗೆ ಒತ್ತಿದಂತೆ ಅದರ ಮೇಲ್ಗಡೆಯೇ ಕೊಯ್ಯಬೇಕು. ಮೇಲೆ ಬಿಟ್ಟರೆ ಟೊಳ್ಳಿನಲ್ಲಿ ಮಳೆನೀರು ನಿಂತು ಬುಡ ಕೊಳೆಯುತ್ತದೆ, ಸೊಳ್ಳೆಗೂ ಅದೇ ತೊಟ್ಟಿಲು. ಕತ್ತಿಗಿಂತ ಗರಗಸ ಲೇಸು, ಸಿಬಿರೇಳುವುದಿಲ್ಲ.

ಪಟ್ಟಣದ ಅಂಗಳದಲ್ಲಿ ಹಳದಿ ಬಿದಿರು ನೆಟ್ಟವರ ಚಿಂತೆ ಎತ್ತರದ್ದು. ಧೈರ್ಯವಾಗಿ ತುದಿ ಕತ್ತರಿಸಬಹುದು. ಕಳಲೆ ಹೊರಟಾಗಿನ ದಪ್ಪವೇ ಗಳದ ದಪ್ಪ, ಕೆಲವೇ ತಿಂಗಳಲ್ಲಿ ಮುಟ್ಟಿದ ಎತ್ತರವೇ ಕೊನೆಯದು. ತುದಿ ತೆಗೆದ ಗಳ ಮತ್ತೆ ಮೇಲೇರುವುದಿಲ್ಲ, ಪಕ್ಕದ ಸೊಪ್ಪು ದಟ್ಟವಾಗುತ್ತದೆ. (ಮೇಜಿನ ಮೇಲಿನ ‘ಲಕ್ಕಿ ಬ್ಯಾಂಬೂ’ಗೆ ಇದ್ಯಾವುದೂ ಅನ್ವಯಿಸದು. ಅದು ಡ್ರಸೀನಾ, ಬಿದಿರೇ ಅಲ್ಲ.)

ಕಡಿಯುವ ಕಾಲದ ವಿಷಯಕ್ಕೆ ಬಂದರೆ, ಹುಣ್ಣಿಮೆ ಹೊತ್ತಿಗೆ ಕಡಿದದ್ದಕ್ಕೆ ಹುಳು ಹಿಡಿಯುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಚಂದ್ರನಿಗಿಂತ ಋತುವನ್ನು ನೋಡುವುದು ಮೇಲು. ಗಳ ಕೊರೆದು ಹಿಟ್ಟು ಉದುರಿಸುವ ಹುಳಕ್ಕೆ ಬೇಕಿರುವುದು ಒಳಗಿನ ಪಿಷ್ಟ. ಕಳಲೆ ಬೆಳೆಸಿ ಮುಗಿದ ಮೇಲೆ, ಚಳಿಗಾಲದ ಮೊದಲ ಭಾಗದಲ್ಲಿ ಅದು ಕಡಿಮೆ ಇರುತ್ತದೆ. ಕಡಿದ ಗಳವನ್ನು ಕೆಲವು ವಾರ ಕೆರೆಯಲ್ಲಿ ಮುಳುಗಿಸಿಡುವ ಹಳೆಯ ರೂಢಿಯೂ ಪಿಷ್ಟ ಕಳೆಯಲೆಂದೇ. ಕಳಲೆ ಏಳುವ ಆಷಾಢ, ಶ್ರಾವಣದಲ್ಲಂತೂ ಮೆಳೆಯೊಳಗೆ ಕಾಲಿಡಲೇಬಾರದು.

ಆರೈಕೆ ಹೆಚ್ಚಿಲ್ಲ. ಬುಡಕ್ಕೆ ಗೊಬ್ಬರ ಸೇರಿಸಿ ಮಣ್ಣೇರಿಸಿದರೆ, ಉದುರಿದ ಎಲೆಯನ್ನು ಗುಡಿಸದೆ ಅಲ್ಲೇ ಬಿಟ್ಟರೆ ಸಾಕು. ಪಲ್ಯಕ್ಕೆ ಒಂದೆರಡು ಕಳಲೆ ಮುರಿದರೆ ಮೆಳೆಗೆ ನಷ್ಟವಿಲ್ಲ. ಅದರ ಸಯನೈಡ್ ಅಂಶ ಹೋಗಲು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸಬೇಕು.

ಹೆಬ್ಬಿದಿರು ಹೂಬಿಡುವುದು ಸುಮಾರು 40ರಿಂದ 50 ವರ್ಷಕ್ಕೊಮ್ಮೆ. ಹೂಬಿಟ್ಟ ಮೆಳೆಯನ್ನು ಯಾವ ಆರೈಕೆಯೂ ಉಳಿಸದು. ಹಾಗೆಂದು ಕೂಡಲೇ ಕಡಿಯುವ ಅವಸರ ಬೇಡ. ಬಿದಿರಕ್ಕಿ ಉದುರುವ ತನಕ ಕಾದು, ಆಮೇಲೆ ಬೆಂಕಿಗೆ ಮೇವಾಗುವ ಒಣ ಗಳಗಳನ್ನು ತೆಗೆಸಿ. ಮಳೆ ಬಿದ್ದಾಗ ಅದೇ ಜಾಗದಲ್ಲಿ ಏಳುವ ಸಸಿಗಳಲ್ಲಿ ಗಟ್ಟಿಯಾದ ಒಂದೆರಡನ್ನು ಉಳಿಸಿಕೊಳ್ಳಿ.