ಸಾಕುಪ್ರಾಣಿಗಳಿಂದ ಹರಡುವ ಹುಳುಕಡ್ಡಿ

ಹುಳುಕಡ್ಡಿಯು ಚರ್ಮ, ಕೂದಲು ಮತ್ತು ಉಗುರುಗಳಿಗೆ ತಗಲುವ ಶಿಲೀಂಧ್ರ ಸೋಂಕು. ಇದಕ್ಕೆ ಗಜಕರ್ಣ ಎಂಬ ಹೆಸರೂ ಇದೆ. ಹೆಸರಿನಲ್ಲಿ ಹುಳುವಿದ್ದರೂ ಈ ರೋಗಕ್ಕೆ ಯಾವ ಹುಳುವೂ ಕಾರಣವಲ್ಲ. ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಗಳಲ್ಲಿ ಇದೂ ಒಂದು.

ಕಾರಣ ಮತ್ತು ಹರಡುವಿಕೆ

ಚರ್ಮ ಹಾಗೂ ಕೂದಲಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ಉಂಡು ಈ ಶಿಲೀಂಧ್ರಗಳು ಬೆಳೆಯುತ್ತವೆ. ಬೆಕ್ಕು, ನಾಯಿಗಳಿಂದ ಮುಖ್ಯವಾಗಿ ಮೈಕ್ರೋಸ್ಪೋರಮ್ ಕ್ಯಾನಿಸ್, ದನಕರುಗಳಿಂದ ಟ್ರೈಕೋಫೈಟಾನ್ ವೆರುಕೋಸಮ್ ಹರಡುತ್ತವೆ. ಪ್ರಾಣಿಯನ್ನು ಮುಟ್ಟುವುದರಿಂದ ಮಾತ್ರವಲ್ಲದೆ ಉದುರಿದ ಕೂದಲು, ಹಾಸಿಗೆ, ಬಾಚಣಿಗೆಗಳಿಂದಲೂ ಸೋಂಕು ತಗಲಬಹುದು. ಬೀಜಕಣಗಳು ಒಣ ಸ್ಥಳದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲವು. ಕೆಲವು ಬೆಕ್ಕುಗಳು ಯಾವ ಲಕ್ಷಣವನ್ನೂ ತೋರದೆ ಸೋಂಕನ್ನು ಹೊತ್ತಿರುತ್ತವೆ.

ಸೇಡಂ, ಚಿತ್ತಾಪುರ, ಚಿಂಚೋಳಿಯಂತಹ ಕೃಷಿಪ್ರಧಾನ ತಾಲ್ಲೂಕುಗಳಲ್ಲಿ ದನ, ಎಮ್ಮೆ, ಆಡುಗಳೊಡನೆ ಜನರ ಒಡನಾಟ ನಿತ್ಯದ್ದು. ಬೇಸಿಗೆಯ ಬೆವರು, ಮಳೆಗಾಲದ ತೇವ ಶಿಲೀಂಧ್ರದ ಬೆಳವಣಿಗೆಗೆ ಅನುಕೂಲವಾಗುತ್ತವೆ.

ಲಕ್ಷಣಗಳು

ಪ್ರಾಣಿಗಳಲ್ಲಿ ಕಿವಿ, ಮುಖ, ಕಾಲುಗಳ ಮೇಲೆ ಕೂದಲುದುರಿ ಹೊಟ್ಟು ಕಾಣುತ್ತದೆ. ಕರುಗಳ ಕಣ್ಣಿನ ಸುತ್ತ ಬೂದುಬಣ್ಣದ ಹಕ್ಕಳೆ ಕಟ್ಟುತ್ತದೆ. ಮನುಷ್ಯರಲ್ಲಿ ಸಾಮಾನ್ಯವಾಗಿ 4ರಿಂದ 14 ದಿನಗಳಲ್ಲಿ ಅಂಚು ಉಬ್ಬಿದ, ತುರಿಸುವ ಉಂಗುರಾಕಾರದ ಕಲೆ ಮೂಡುತ್ತದೆ. ಮಕ್ಕಳ ನೆತ್ತಿಗೆ ತಗಲಿದರೆ ಅಲ್ಲಲ್ಲಿ ಕೂದಲು ಉದುರುತ್ತದೆ.

ಪತ್ತೆ ಮತ್ತು ಚಿಕಿತ್ಸೆ

ವುಡ್ಸ್ ದೀಪದ ನೇರಳಾತೀತ ಬೆಳಕಿನಲ್ಲಿ ಮೈಕ್ರೋಸ್ಪೋರಮ್ ಕ್ಯಾನಿಸ್ ತಗಲಿದ ಕೂದಲು ಬಹುಮಟ್ಟಿಗೆ ಹಸಿರಾಗಿ ಹೊಳೆಯುತ್ತದೆ. ಹೊಳೆಯದಿದ್ದರೆ ಸೋಂಕಿಲ್ಲವೆಂದು ಅರ್ಥವಲ್ಲ. ಸೂಕ್ಷ್ಮದರ್ಶಕ ಪರೀಕ್ಷೆ ಬೇಕಾಗುತ್ತದೆ.

ಚರ್ಮದ ಸಣ್ಣ ಕಲೆಗಳಿಗೆ ಶಿಲೀಂಧ್ರನಾಶಕ ಮುಲಾಮು ಸಾಕಾಗಬಹುದು. ನೆತ್ತಿಯ ಸೋಂಕಿಗೆ ಮಾತ್ರ ವೈದ್ಯರು ಕೊಡುವ ಮಾತ್ರೆಗಳು ಅಗತ್ಯ. ಅಂಗಡಿಯಿಂದ ತಾವಾಗಿಯೇ ತಂದು ಹಚ್ಚುವ ಸ್ಟೀರಾಯ್ಡ್ ಮಿಶ್ರಿತ ಮುಲಾಮುಗಳು ತುರಿಕೆಯನ್ನು ತಗ್ಗಿಸಿ ಗುಣವಾದ ಭ್ರಮೆ ಹುಟ್ಟಿಸುತ್ತವೆ; ಒಳಗೆ ಸೋಂಕು ಹಬ್ಬುತ್ತಲೇ ಇರುತ್ತದೆ. ಭಾರತ ಸರ್ಕಾರವು 2018ರಲ್ಲಿ ಇಂತಹ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು.

ತಡೆಗಟ್ಟುವಿಕೆ

ಮನುಷ್ಯ, ಪ್ರಾಣಿ, ಮನೆ ಈ ಮೂರಕ್ಕೂ ಒಟ್ಟಿಗೆ ಗಮನ ಕೊಡದಿದ್ದರೆ ಸೋಂಕು ಮರುಕಳಿಸುತ್ತದೆ.

• ಪ್ರಾಣಿಗಳನ್ನು ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು.
• ಹೊಸದಾಗಿ ತಂದ ಬೆಕ್ಕಿನ ಮರಿ, ನಾಯಿಮರಿ, ಕರುಗಳನ್ನು ಪಶುವೈದ್ಯರಿಗೆ ತೋರಿಸಬೇಕು.
• ಸೋಂಕಿತ ಪ್ರಾಣಿಯನ್ನು ಪ್ರತ್ಯೇಕವಾಗಿರಿಸಿ, ಉಪಚರಿಸುವಾಗ ಕೈಗವಸು ಧರಿಸಬೇಕು.
• ಉದುರಿದ ಕೂದಲನ್ನು ಆಗಾಗ ತೆಗೆದು, ನೆಲವನ್ನು ನೀರು ಬೆರೆಸಿದ ಬ್ಲೀಚ್‌ನಿಂದ ಒರೆಸಬೇಕು. ಬ್ಲೀಚನ್ನು ಪ್ರಾಣಿಯ ಮೈಗೆ ಹಚ್ಚಬಾರದು.
• ಟವೆಲ್, ಬಾಚಣಿಗೆ, ಬಟ್ಟೆಗಳನ್ನು ಹಂಚಿಕೊಳ್ಳಬಾರದು.

ಸೋಂಕು ತಗಲಿದ ನಾಯಿ, ಬೆಕ್ಕುಗಳನ್ನು ಬೀದಿಗೆ ಬಿಟ್ಟರೆ ರೋಗ ಇತರ ಮನೆಗಳಿಗೂ ಹರಡುತ್ತದೆ. ಪ್ರಾಣಿಗಳಲ್ಲಿಯೂ ಈ ರೋಗ ಚಿಕಿತ್ಸೆಯಿಂದ ಗುಣವಾಗುವಂಥದ್ದು.