ಛೇದದಲ್ಲಿ ಯಾರಿದ್ದಾರೆ?

ಸಮೀಕ್ಷೆಯ ಅಂಕಿಗಳಿಂದ ಸಂಭವನೀಯತೆ ಕಂಡುಹಿಡಿಯಲು ಬೇಕಾದದ್ದು ಒಂದೇ ಭಾಗಾಕಾರ. ನಿರ್ದಿಷ್ಟ ಉತ್ತರ ಕೊಟ್ಟವರ ಸಂಖ್ಯೆ ಅಂಶ. ಉತ್ತರಿಸಿದವರ ಒಟ್ಟು ಸಂಖ್ಯೆ ಛೇದ. ಬರುವ ಬೆಲೆ 0ಯಿಂದ 1ರ ಒಳಗೇ ಇರುತ್ತದೆ. ಹೀಗೆ ಎಣಿಸಿ ಪಡೆದದ್ದಕ್ಕೆ ಶಾಲಾ ಗಣಿತದಲ್ಲಿ ಪ್ರಾಯೋಗಿಕ ಸಂಭವನೀಯತೆ ಎಂದು ಹೆಸರು.

ತರಗತಿಯೊಂದರ 40 ಮಕ್ಕಳಲ್ಲಿ 18 ಮಂದಿ ನಡೆದು, 10 ಮಂದಿ ಸೈಕಲ್ಲಿನಲ್ಲಿ, 12 ಮಂದಿ ಬಸ್ಸಿನಲ್ಲಿ ಶಾಲೆಗೆ ಬರುತ್ತಾರೆ ಎಂದಿಟ್ಟುಕೊಂಡರೆ, ಚೀಟಿ ಎತ್ತಿ ಆರಿಸಿದ ಮಗು ನಡೆದು ಬರುವ ಸಂಭವನೀಯತೆ 18/40, ಅಂದರೆ 0.45. ಬಸ್ಸಿನದು 0.30. ಬಸ್ಸಿನಲ್ಲಿ ಬಾರದಿರುವುದು ಅದರ ಪೂರಕ ಘಟನೆ. 1ರಿಂದ ಕಳೆದರೆ 0.70. ನಡಿಗೆ, ಸೈಕಲ್ಲು, ಬಸ್ಸು ಈ ಮೂರರ ಬೆಲೆಗಳನ್ನು ಕೂಡಿದರೆ 1 ಬರಬೇಕು. ಬಾರದಿದ್ದರೆ ಎಣಿಕೆ ತಪ್ಪಿದೆ, ಇಲ್ಲವೇ ಯಾರೋ ಎರಡು ಉತ್ತರ ಕೊಟ್ಟಿದ್ದಾರೆ.

ಲೆಕ್ಕ ಎಡವುವುದು ಹೆಚ್ಚಾಗಿ ಛೇದದಲ್ಲಿ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ, ಅವರಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 4.07 ಕೋಟಿ. ರಾಜ್ಯದ ನಿವಾಸಿಯೊಬ್ಬರನ್ನು ಕಣ್ಣುಮುಚ್ಚಿ ಆರಿಸಿದರೆ ಅವರ ಮಾತೃಭಾಷೆ ಕನ್ನಡವಾಗಿರುವ ಸಂಭವನೀಯತೆ 0.67. ಇಡೀ ದೇಶದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. ಅವರಲ್ಲೊಬ್ಬರನ್ನು ಆರಿಸಿದರೆ, ಆ ವ್ಯಕ್ತಿ ಕರ್ನಾಟಕದಲ್ಲೇ ಇರುವ ಸಂಭವನೀಯತೆ 0.93. ಎರಡರಲ್ಲೂ ಅಂಶ ಅದೇ 4.07 ಕೋಟಿ, ಬದಲಾದದ್ದು ಛೇದ.

ಜನಗಣತಿ ಎಲ್ಲರನ್ನೂ ಎಣಿಸುತ್ತದೆ. ಮಾದರಿ ಸಮೀಕ್ಷೆ ಕೆಲವರನ್ನು ಕೇಳಿ ಎಲ್ಲರ ಲೆಕ್ಕ ಹೇಳುತ್ತದೆ. ಆ ಕೆಲವರು ಯಾರು ಎಂಬುದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ 1936ರ ಅಮೆರಿಕ ಅಧ್ಯಕ್ಷೀಯ ಚುನಾವಣೆ ಸಾಕ್ಷಿ. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಚೀಟಿ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆಂದಿತು. ಗೆದ್ದವರು 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡ ಫ್ರಾಂಕ್ಲಿನ್ ರೂಸ್‌ವೆಲ್ಟ್. ಪತ್ರಿಕೆ ಹೆಸರುಗಳನ್ನು ಬಹುಪಾಲು ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿ ಪಟ್ಟಿಗಳಿಂದ ಆಯ್ದಿದ್ದರಿಂದ ಬಡವರು ಆ ಮಾದರಿಯಲ್ಲಿ ವಿರಳವಾಗಿದ್ದರು. ಚೀಟಿ ಹೋದವರಲ್ಲೂ ನಾಲ್ಕರಲ್ಲಿ ಮೂರು ಪಾಲು ಜನ ಉತ್ತರಿಸಲಿಲ್ಲ.

ಹಾಗಾಗಿ ಮಾದರಿಯನ್ನು ಯಾದೃಚ್ಛಿಕವಾಗಿ, ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶವಿರುವಂತೆ ಆರಿಸಬೇಕು. ಹಾಗೆ ಆರಿಸಿದ 1,000 ಮಂದಿಯಿಂದ ಬಂದ ಶೇಕಡಾವಾರು, 100ರಲ್ಲಿ 95 ಬಾರಿ, ನಿಜದಿಂದ ಹೆಚ್ಚೆಂದರೆ ಸುಮಾರು 3 ಶೇಕಡಾವಾರು ಬಿಂದುಗಳಷ್ಟು ಆಚೀಚೆ ಇರುತ್ತದೆ. ಈ ಅಂತರವನ್ನು ಅರ್ಧಕ್ಕಿಳಿಸಲು 4,000 ಮಂದಿಯನ್ನು ಕೇಳಬೇಕಾಗುತ್ತದೆ.